ಮೂರನೆಯ ಅಬ್ಬಿಯ ಆಚೆ

ಕಾಡಿನಂಚಿನ ಒಂದು ಆಶ್ರಮದಲ್ಲಿ ಶಾಂತವೀರಯ್ಯ ಎಂಬ ಗುರುಗಳಿದ್ದರು. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷವೂ ಅವರು ಕಾಡಿನೊಳಗಿನ ಮೂರನೆಯ ಅಬ್ಬಿಯಿಂದ ಪೂಜೆಗೆ ಒಂದು ತಂಬಿಗೆ ನೀರು ತರುತ್ತಿದ್ದರು. ಅಲ್ಲಿಯವರು ಜಲಪಾತವನ್ನು ಅಬ್ಬಿ ಎನ್ನುತ್ತಾರೆ.

ಆ ದಾರಿಗೆ ಗುರುತಿಲ್ಲ. ಮರಕ್ಕೆ ಸುಣ್ಣ ಬಳಿಯಬಾರದು, ತೊಗಟೆಗೆ ಕತ್ತಿ ತಾಗಿಸಬಾರದು ಎಂಬುದು ಆಶ್ರಮದ ಕಟ್ಟಳೆ. ಗುರು ನಡೆದು ತೋರಿಸಬೇಕು, ಶಿಷ್ಯ ನಡೆದು ಕಲಿಯಬೇಕು.

ಶಿಷ್ಯ ಮುರಿಗೆಪ್ಪ ಏಳು ವರ್ಷ ತಂಬಿಗೆ ಹಿಡಿದು ಗುರುಗಳ ಹಿಂದೆ ನಡೆದಿದ್ದ. ಎಂಟನೆಯ ವರ್ಷ ಕಾಡು ಶುರುವಾಗುವಲ್ಲಿ ಗುರುಗಳು ನಿಂತರು.

"ಮೊಣಕಾಲು ಕೈಕೊಟ್ಟಿದೆ ಮಗಾ. ನನಗೆ ಇದೇ ಕೊನೆಯ ಸಲ. ನೀನು ಮುಂದೆ ನಡೆ."

ಮುರಿಗೆಪ್ಪ ಹತ್ತು ಹೆಜ್ಜೆ ಇಟ್ಟು ನಿಂತುಬಿಟ್ಟ. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ.

"ಏಳು ವರ್ಷ ಏನು ನೋಡಿಕೊಂಡು ಬಂದೆ?"

"ನಿಮ್ಮ ಹಿಮ್ಮಡಿ, ಗುರುಗಳೇ. ನಿಮ್ಮೆದುರು ತಲೆ ಎತ್ತಬಾರದೆಂದು ತಗ್ಗಿಸಿಕೊಂಡೇ ಬಂದೆ."

"ಹೇಗಿದೆ ನನ್ನ ಹಿಮ್ಮಡಿ?"

"ಬಲಗಾಲಿನದು ಒಡೆದಿದೆ."

"ಅದು ನನಗೂ ಗೊತ್ತು ಮಾರಾಯ. ದಾರಿ ಯಾವುದು ಹೇಳು."

ಮುರಿಗೆಪ್ಪನ ಕಣ್ಣು ತುಂಬಿತು. ಎಷ್ಟೋ ತಲೆಮಾರು ನಡೆದು ಉಳಿಸಿದ ದಾರಿ. ಈಗ ತಾನು ಕಲಿಯದಿದ್ದರೆ ಗುರುಗಳೊಂದಿಗೇ ಅದು ಮುಗಿದುಹೋಗುತ್ತದೆ.

"ಇದೊಂದು ಸಲ ನೀವೇ ತೋರಿಸಿ" ಎಂದು ಬೇಡಿಕೊಂಡ.

ಗುರುಗಳು ಮರದ ಬೇರಿನ ಮೇಲೆ ಕೂತರು. "ನನ್ನ ಕಾಲಿಗೆ ಸ್ವಲ್ಪ ಬಿಡುವು ಬೇಕು. ಅಷ್ಟರಲ್ಲಿ ನೀನು ತಲೆ ಎತ್ತು."

ಮುರಿಗೆಪ್ಪ ತಲೆ ಎತ್ತಿದ. ಬಲಗಡೆ ಎಲೆಗಳು ಒಣಗಿದ್ದವು. ಎಡಗಡೆಯ ಕಲ್ಲುಗಳಿಗೆ ಹಾವಸೆ ಕಟ್ಟಿತ್ತು, ಜರೀಗಿಡಗಳು ಗಾಳಿಯಿಲ್ಲದೆಯೂ ನಡುಗುತ್ತಿದ್ದವು. ಕೆನ್ನೆಗೆ ತಂಪು ತಾಗಿತು.

"ಈ ಕಡೆ" ಎಂದ.

ಗುರುಗಳು ಎದ್ದು ಅವನ ಹಿಂದೆ ನಡೆದರು.

ಮೊದಲನೆಯ ಅಬ್ಬಿ ಆಳೆತ್ತರ. ಎರಡನೆಯದು ಆಶ್ರಮದ ಮಾಡಿನಷ್ಟು. ಮೂರನೆಯದರ ತುದಿ ನೋಡಲು ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕು. ಅದರ ಹನಿಗಳಲ್ಲಿ ಬಿಸಿಲು ಏಳು ಬಣ್ಣವಾಗಿ ನಿಂತಿತ್ತು. ಏಳು ಸಲ ಇಲ್ಲಿಗೆ ಬಂದವನು ಅದನ್ನು ಇವತ್ತು ಮೊದಲ ಬಾರಿಗೆ ನೋಡಿದ.

ಗುರುಗಳು ಎಂದಿನ ಬಂಡೆಯ ಮೇಲೆ ಕೂತರು. ಮುರಿಗೆಪ್ಪ ತಂಬಿಗೆ ತುಂಬಿಸಿದ. ಆದರೆ ಎತ್ತಿದ ತಲೆ ಇಳಿಯಲಿಲ್ಲ.

"ಗುರುಗಳೇ, ಮೇಲಿನಿಂದ ಇನ್ನೊಂದು ಸದ್ದು ಬರುತ್ತಿದೆ. ಅಲ್ಲೇನಿದೆ?"

"ಗೊತ್ತಿಲ್ಲ."

"ನೀವು ಹತ್ತಿ ನೋಡಿಲ್ಲವೇ?"

"ನನ್ನ ಗುರುಗಳು ಈ ಬಂಡೆಯ ಮೇಲೆ ಕೂರುತ್ತಿದ್ದರು. ನಾನೂ ಕೂತೆ."

ಗುರುಗಳು ಅವನ ಕೈಯಿಂದ ತಂಬಿಗೆ ತೆಗೆದುಕೊಂಡರು: "ಹೋಗಿ ನೋಡಿ ಬಾ."

ಮುರಿಗೆಪ್ಪ ಬೇರು ಹಿಡಿದು ಹತ್ತಿದ.

ಮೇಲೆ ಮೂರು ಕಡೆಯೂ ಬೆಟ್ಟದ ಗೋಡೆ. ಮೂರೂ ಕಡೆಯಿಂದ ನೀರು ಬೀಳುತ್ತಿತ್ತು. ಸದ್ದು ಕಿವಿಯನ್ನು ಬಿಟ್ಟು ಎದೆಯೊಳಗೇ ಮೊಳಗುತ್ತಿತ್ತು. ಅವನು ಕೈಮುಗಿದು ನಿಂತ. ಯಾವಾಗ ಅಳಲು ಶುರುಮಾಡಿದನೋ ಅವನಿಗೇ ತಿಳಿಯಲಿಲ್ಲ.

ನೆನೆದು ತೊಪ್ಪೆಯಾಗಿ ಇಳಿದು ಬಂದವನನ್ನು ಗುರುಗಳು ಕೇಳಿದರು, "ಎಷ್ಟು ಎತ್ತರ?"

"ನೋಡಿ ಮುಗಿಯಲಿಲ್ಲ, ಗುರುಗಳೇ."

ಗುರುಗಳು ಶಿಷ್ಯನ ಮುಖವನ್ನೇ ನೋಡುತ್ತ ಕೂತರು. "ಐವತ್ತು ವರ್ಷ ಇಲ್ಲೇ ಕೂತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಬಂಡೆಗೆ ಕೈಯೂರಿ ಎದ್ದು, ಮೇಲಕ್ಕೆ ಹತ್ತುವ ಬೇರು ಹಿಡಿದರು.

"ನಿಮ್ಮ ಮೊಣಕಾಲು..."

"ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಮುಂದೆ ನಡೆ. ನಿನ್ನ ಹಿಮ್ಮಡಿಯನ್ನಂತೂ ನಾನು ನೋಡುವುದಿಲ್ಲ."