ಮುಹೂರ್ತಕ್ಕೆ ಹಲಸಿನ ಹಣ್ಣು

ಆಸ್ಪತ್ರೆಯಲ್ಲಿ ಮಲಗಿದ್ದ ವರನ ಅಜ್ಜಿಗೆ ಫೋಟೋದವನು ತನ್ನ ಮೊಬೈಲಿನಿಂದ ಮದುವೆಯನ್ನು ನೇರವಾಗಿ ತೋರಿಸುತ್ತಿದ್ದ. ಮುಹೂರ್ತ ಹತ್ತಿರ ಬಂದಾಗಲೇ ಚಿತ್ರ ನಿಂತುಹೋಯಿತು.

"ನನ್ನ ತಾಯಿ ನೋಡದೆ ತಾಳಿ ಕಟ್ಟಿಸೋದಿಲ್ಲ!" ವರನ ತಂದೆ ಗುಡುಗಿದರು. ವಧುವಿನ ತಂದೆ ಬೆವೆತುಹೋದರು.

"ಎಲ್ಲರೂ ಒಟ್ಟಿಗೆ ವಿಡಿಯೋ ಕಳಿಸ್ತಿದ್ದಾರೆ ಸಾರ್, ನೆಟ್‌ವರ್ಕ್ ಜಾಮ್ ಆಗಿದೆ," ಎಂದ ಫೋಟೋದವನು. ಮೊಬೈಲ್ ಕೆಳಗಿಡಿ ಎಂದು ವಧುವಿನ ತಂದೆ ಮೈಕಿನಲ್ಲಿ ಬೇಡಿಕೊಂಡರು. ಜನ ಅದನ್ನೂ ವಿಡಿಯೋ ಮಾಡಿದರು.

ಅಡುಗೆಯ ಸಿದ್ದಗಂಗಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಊಟಕ್ಕೆಂದು ಬಿಡಿಸಿಟ್ಟ ಹಲಸಿನ ತೊಳೆ ನೆನಪಾಯಿತು.

"ಅಂಟು ಒರೆಸಬೇಡ್ರೋ! ಮೇಲೆ ಜೇನು ಸುರಿದು ಈಗಲೇ ಹಂಚ್ರಿ. ಫೋಟೋದವನನ್ನ ಬಿಟ್ಟು ಎಲ್ಲರಿಗೂ, ಎರಡೂ ಕೈ ತುಂಬ!" ಎಂದು ಬಡಿಸುವವರನ್ನು ಜನರತ್ತ ಓಡಿಸಿದಳು.

ಘಮಕ್ಕೆ ಸೋತು ಎಲ್ಲರೂ ಕೈಯೊಡ್ಡಿದರು. ಮೊಬೈಲುಗಳು ಜೇಬು ಸೇರಿದವು. ಅಂಟುಗೈಯಲ್ಲಿ ಮತ್ತೆ ಹೊರತೆಗೆಯುವ ಧೈರ್ಯ ಯಾರಿಗಿದೆ? ಚಿತ್ರ ಸರಾಗವಾಗಿ ಓಡಿತು. ವಧುವಿನ ಕೊರಳಿಗೆ ತಾಳಿ ಬಿತ್ತು. ಎಸೆದ ಅಕ್ಷತೆ ಅರ್ಧ ಕೈಯಲ್ಲೇ ಉಳಿಯಿತು. ಅಜ್ಜಿ ಮಂಚದಿಂದಲೇ ಕೈಯೆತ್ತಿ ಹರಸಿದರು.

"ನೆಟ್‌ವರ್ಕಿಗೆ ಏನು ಮಾಡಿದಿರಮ್ಮಾ?" ಬಾಯಲ್ಲಿ ತೊಳೆ ಇಟ್ಟುಕೊಂಡೇ ವರನ ತಂದೆ ಕೇಳಿದರು.

"ಅದಕ್ಕೇನೂ ಮಾಡಿಲ್ಲ ಯಜಮಾನ್ರೇ. ಜನರ ಕೈಗೆ ಕೆಲಸ ಕೊಟ್ಟೆ, ಅಷ್ಟೇ."

ಅವರು ಮನಸಾರೆ ಕೈ ಮುಗಿದರು. ಮುಗಿದ ಕೈ ಬಿಡಿಸಲು ಕೊಬ್ಬರಿ ಎಣ್ಣೆಯೇ ಬೇಕಾಯಿತು.