ಶುಕ್ರವಾರ ಮರೆತ ತಾಯಿ

"ಗುರುಗಳೇ, ವಯಸ್ಸಾದವರಿಗೆ ಬುದ್ಧಿ ಸ್ಥಿಮಿತದಲ್ಲಿದೆಯೋ ಇಲ್ಲವೋ ಎಂದು ವಕೀಲನಾದವನು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನು ವಕೀಲಿ ಶುರುಮಾಡಿ ಎರಡು ವರ್ಷವಾಗಿತ್ತು. ಮರುದಿನ ಮುದುಕರೊಬ್ಬರಿಂದ ಆಸ್ತಿ ಪತ್ರಕ್ಕೆ ಸಹಿ ಹಾಕಿಸುವುದಿತ್ತು. ಅವರಿಗೆ ಮರೆವು ಎಂದು ಮನೆಯವರು ಹೇಳುತ್ತಿದ್ದರು. ಶಿಷ್ಯನನ್ನು ಕರೆತಂದ ಕಾರು ಗೇಟಿನ ಹೊರಗೆ ನಿಂತಿತ್ತು. ಗುರುಗಳು ಅದರತ್ತ ಒಮ್ಮೆ ನೋಡಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಕೀಲನಿದ್ದ. ಕೆಟ್ಟವನಲ್ಲ, ಆದರೆ ತನ್ನ ಜಾಣತನದ ಮೇಲೆ ಅವನಿಗೆ ತುಸು ಹೆಚ್ಚೇ ನಂಬಿಕೆ. ಹತ್ತು ವರ್ಷದಿಂದ ಅವನ ಬಳಿ ಬರುತ್ತಿದ್ದ ವ್ಯಾಪಾರಿಯೊಬ್ಬ ಒಂದು ದಿನ ತನ್ನ ತಾಯಿಯನ್ನು ಕರೆತಂದ. ಮನೆ ತಾಯಿಯ ಹೆಸರಿನಲ್ಲಿತ್ತು. ಅದನ್ನು ಪೂರ್ತಿಯಾಗಿ ತನ್ನ ಹೆಸರಿಗೆ ದಾನಪತ್ರ ಮಾಡಿಸಬೇಕು ಎಂದ. ಆ ಮನೆಯ ಹಿಂದಿನ ಕೋಣೆಯಲ್ಲಿ ಗಂಡ ಬಿಟ್ಟ ತಂಗಿ ಬಟ್ಟೆ ಹೊಲಿದುಕೊಂಡು ಇದ್ದಾಳೆ ಎಂಬುದನ್ನು ಅವನು ಹೇಳಲಿಲ್ಲ.

ವಕೀಲ ತಾಯಿಯನ್ನು ಏನು ಕೇಳಿದರೂ ಮಗನೇ ಉತ್ತರ ಕೊಡುತ್ತಿದ್ದ. ವಕೀಲನಿಗೆ ಬೇಸರ ಬಂತು. ಮಗನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿ ಮುದುಕಿಯನ್ನು ಪರೀಕ್ಷಿಸಿದ. ಇವತ್ತು ಯಾವ ವಾರ? ಮಂಗಳವಾರ ಎಂದಳು. ಅಂದು ಶುಕ್ರವಾರ. ಯಾವ ತಿಂಗಳು? ಮೊನ್ನೆ ತಾನೇ ಯುಗಾದಿ ಆಯಿತಲ್ಲ ಎಂದಳು. ಹೊರಗೆ ದೀಪಾವಳಿಯ ಪಟಾಕಿ ಸಿಡಿಯುತ್ತಿತ್ತು. ಮೊಮ್ಮಗಳ ಹೆಸರು? ಪದ್ಮ ಎಂದಳು. ವ್ಯಾಪಾರಿಯ ಮಗಳ ಹೆಸರು ಶ್ರಾವಣಿ ಎಂದು ವಕೀಲನಿಗೂ ಗೊತ್ತಿತ್ತು.

ಪಾಪ, ಮುಗಿಯಿತು ಈಕೆಯ ಕತೆ ಎಂದುಕೊಂಡು ಅವನು ಕಡತ ಮುಚ್ಚಿದ. ಆಗ ಮುದುಕಿ ತಾನಾಗಿ ಮಾತು ತೆಗೆದಳು.

"ಅಪ್ಪಾ, ನೀನು ನನ್ನ ಮಗನ ವಕೀಲನೋ, ನನ್ನ ವಕೀಲನೋ?"

ವಕೀಲನಿಗೆ ಕೆನ್ನೆಗೆ ಹೊಡೆದಂತಾಯಿತು. ಅವನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ್ದ. ಕೇಳಬೇಕಾದ ಪ್ರಶ್ನೆಯನ್ನು ಆಕೆ ಕೇಳಿದ್ದಳು. ಒಂದು ಸುಳ್ಳು ಹೇಳಿ ಜಾರಿಕೊಳ್ಳುವುದು ಸುಲಭವಿತ್ತು. ಅವನು ಹೇಳಲಿಲ್ಲ.

"ನಿಮ್ಮ ಮಗನ ವಕೀಲ, ತಾಯಿ. ಅದಕ್ಕೇ ನಿಮ್ಮ ಪತ್ರ ನಾನು ಬರೆಯಬಾರದು. ಆದರೆ ಇಲ್ಲಿ ನೀವು ಹೇಳಿದ್ದು ಈ ಬಾಗಿಲು ದಾಟೋದಿಲ್ಲ."

ಮುದುಕಿ ಮುಚ್ಚಿದ ಬಾಗಿಲನ್ನೊಮ್ಮೆ ತಿರುಗಿ ನೋಡಿದಳು.

"ಇವತ್ತು ಶುಕ್ರವಾರ," ಎಂದಳು. "ಬುದ್ಧಿ ಕೆಟ್ಟವರ ಸಹಿ ನಡೆಯೋದಿಲ್ಲ ಅಂತ ಯಾರೋ ಹೇಳಿದ್ದರು. ಕೊಡಲ್ಲ ಅಂತ ಬಾಯಿಬಿಟ್ಟು ಹೇಳಿದರೆ ಮಗಳನ್ನ ಆ ಮನೆಯಲ್ಲಿ ಇರೋಕೆ ಬಿಡ್ತಾನಾ? ಅದಕ್ಕೇ ಒಂದು ವರ್ಷದಿಂದ ಎಲ್ಲ ಮರೆತಿದ್ದೀನಿ. ಬೇರೆ ಯಾವುದೂ ಕಷ್ಟ ಆಗಲಿಲ್ಲ. ಮೊಮ್ಮಗಳನ್ನ ಇನ್ನೊಂದು ಹೆಸರಿಂದ ಕೂಗೋದೇ ಕಷ್ಟ. ಕೂಗಿದಾಗೆಲ್ಲ ಮಗು ಮುಖ ಸಣ್ಣದು ಮಾಡ್ಕೊಳ್ತದೆ."

ವಕೀಲನ ಕಣ್ಣು ತುಂಬಿತು. ವ್ಯಾಪಾರಿಗೆ ಪರಿಚಯವೇ ಇಲ್ಲದ ಒಬ್ಬ ವಕೀಲೆಯ ವಿಳಾಸವನ್ನು ಚೀಟಿಯಲ್ಲಿ ಬರೆದು ಮುದುಕಿಯ ಕೈಗಿಟ್ಟ. ಹೊರಗೆ ಬಂದು, ಈ ಪತ್ರ ನನ್ನಿಂದಾಗದು ಎಂದ. ಅವಳು ಏನು ಹೇಳಿದಳು ಎಂದು ವ್ಯಾಪಾರಿ ಕೆದಕಿ ಕೆದಕಿ ಕೇಳಿದ. ವಕೀಲ ತುಟಿ ಪಿಟಕ್ಕೆನ್ನಲಿಲ್ಲ. ಮರುದಿನ ವ್ಯಾಪಾರಿ ಹತ್ತು ವರ್ಷದ ತನ್ನ ಕಡತಗಳನ್ನೆಲ್ಲ ಹೊತ್ತುಕೊಂಡು ಹೋದ. ಉಂಡ ಮನೆಗೆ ಎರಡು ಬಗೆದವನು ಎಂದು ಪೇಟೆಯಲ್ಲೆಲ್ಲ ಬೈದ. ವಕೀಲ ಅದನ್ನೂ ನುಂಗಿಕೊಂಡ.

ಮುದುಕಿಯನ್ನು ಮಗಳು ಆ ವಕೀಲೆಯ ಬಳಿ ಕರೆದೊಯ್ದಳು. ಆಕೆಯೂ ಮೊದಲು ಮಗಳನ್ನು ಹೊರಗೆ ಕೂರಿಸಿದಳು. ಬುದ್ಧಿ ಸರಿಯಿದೆಯೆಂದು ಬರೆದುಕೊಡಬೇಕಾದ ವೈದ್ಯರ ಮುಂದೆ ಮುದುಕಿ ಹದಿನಾರರ ಮಗ್ಗಿಯನ್ನು ತಡವರಿಸದೆ ಒಪ್ಪಿಸಿದಳು. ಹಿಂದಿನ ಕೋಣೆ ಮಗಳ ಹೆಸರಿಗಾಯಿತು. ಉಳಿದದ್ದು ತನ್ನ ಕಾಲಾನಂತರ ಮಗನಿಗೆ ಎಂದು ಉಯಿಲಾಯಿತು. ವ್ಯಾಪಾರಿ ಒಂದು ತಿಂಗಳು ಮುಖ ಊದಿಸಿಕೊಂಡಿದ್ದು, ಆಮೇಲೆ ತಾನಾಗಿ ಬಂದು ತಾಯಿಯ ಪಕ್ಕದಲ್ಲಿ ಊಟಕ್ಕೆ ಕುಳಿತ.

ಆದರೆ ಮುದುಕಿ ಅಷ್ಟು ದಿನ ಕಾಯಲಿಲ್ಲ. ಪತ್ರ ನೋಂದಣಿಯಾದ ಸಂಜೆಯೇ ಬಾಗಿಲಲ್ಲಿ ನಿಂತು, "ಶ್ರಾವಣೀ" ಎಂದು ಕರೆದಳು. ಮಗು ಶಾಲೆಯ ಚೀಲ ಬಿಸಾಕಿ ಓಡಿ ಬಂತು.

ಕತೆ ಮುಗಿಯಿತು. ಶಿಷ್ಯ, "ಹಾಗಾದರೆ ನಾಳೆ ಆ ಮುದುಕರನ್ನು ನಾನು ಏನು ಕೇಳಲಿ?" ಎಂದ.

ಗುರುಗಳು ಗೇಟಿನತ್ತ ಕೈ ತೋರಿಸಿದರು.

"ಅದಿರಲಿ, ಆ ಕಾರಿನಲ್ಲಿ ನಿನಗಾಗಿ ಕಾದು ಕುಳಿತಿರುವವನು ಅವರ ಮಗನಲ್ಲವೇ?"