ಗೆದ್ದ ಪಟ್ಟಿ, ಸೋತ ಪಟ್ಟಿ

ಕೇಳ್ರಪ್ಪ, ಇಸ್ತ್ರಿ ಹೊನ್ನಾಜಮ್ಮನಿಗೆ ಒಬ್ಬನೇ ಮಗ, ಮುದ್ದಯ್ಯ. ಹೇಳಿದ್ದನ್ನು ಹೇಳಿದಂಗೇ ಮಾಡೋನು, ಅದೇ ಅವನ ಕಷ್ಟ. ದಿನವೆಲ್ಲ ನಿಂತು ನಿಂತು ಇಸ್ತ್ರಿ ಹಾಕಿ ಅವಳ ಎಡಗಾಲಿನ ನರ ಉಬ್ಬಿ, ಪಾದದ ಗಂಟಿನ ಮೇಲೆ ಹುಣ್ಣಾಗಿತ್ತು. ವರ್ಷವಾದರೂ ಮಾಯಲಿಲ್ಲ.

"ಹಿಂಗೇ ಬಿಟ್ರೆ ಕಾಲೇ ಹೋದೀತು," ಅಂದರು ಆಸ್ಪತ್ರೆ ಸಿಸ್ಟರಮ್ಮ.

ಹೊನ್ನಾಜಮ್ಮ ಕಾಲು ನೋಡಲಿಲ್ಲ, ಮಗನ ಮುಖ ನೋಡಿದಳು. ನಾನು ನಿಲ್ಲದಿದ್ದರೆ ಇವನಿಗೆ ಅನ್ನ ಹಾಕೋರು ಯಾರು?

ಸಿಸ್ಟರಮ್ಮ ಮುದ್ದನ ಕೈಗೆ ಪಟ್ಟಿ ಕೊಟ್ಟರು. "ಬಿಗಿಯಾಗಿ ಸುತ್ತಪ್ಪ. ಒಂದು ಸುಕ್ಕೂ ಇರಬಾರದು."

ಮನೆಗೆ ಬಂದು ಸುತ್ತಿದ. ಸುಕ್ಕು ಕಂಡಿತು. ಹೋದ, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ತಂದ!

"ಅಯ್ಯಯ್ಯೋ, ಕಾಲು ಸುಡ್ತೀಯೇನೋ! ಸುಕ್ಕು ಕೈಯಲ್ಲಿ ಬಿಡಿಸೋದು ಕಣೋ! ಕಾಲನ್ನ ಎತ್ತರಕ್ಕಿಡು, ಅಷ್ಟು ಮಾಡು ಸಾಕು."

"ಆಗ್ಲವ್ವ."

ಎತ್ತರಕ್ಕಿಟ್ಟ. ಅವ್ವ ಮಲಗಿದ್ದ ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ ಮೇಲೆ ಇಟ್ಟಿಗೆ! ಅವ್ವ ಸೂರಿನ ಹತ್ತಿರಕ್ಕೆ ಹೋದಳು. ಇಳಿಯೋಕಾಗದು, ಇಸ್ತ್ರಿಗೆ ನಿಲ್ಲೋಕಾಗದು.

"ಮಂಚದ ಕಾಲಲ್ಲ ಕಣೋ ಪೆದ್ದೇ, ನನ್ನ ಕಾಲು! ನನಗೆ ಎರಡು ಕಾಲಿವೆ, ಎರಡನ್ನೂ ಒಂದೇ ಸಮ ನೋಡ್ಕೋ!"

"ಆಗ್ಲವ್ವ."

ಎರಡು ಕಾಲಡಿಗೂ ಕೌದಿ ಮಡಿಸಿಟ್ಟ. ಹೊತ್ತು ಹೊತ್ತಿಗೆ ಗಂಜಿ ತಂದ, ಪಟ್ಟಿ ಬಿಗಿಯಾಗಿ ಸುತ್ತಿದ. ಇಟ್ಟಿಗೆ ಮಾತ್ರ ತೆಗೆಯಲಿಲ್ಲ, ತೆಗಿ ಅಂತ ಯಾರೂ ಹೇಳಿರಲಿಲ್ಲವಲ್ಲ!

ಪಟ್ಟಿ ಮುಗಿಯಿತು. ಸಿಸ್ಟರಮ್ಮ ಈ ಸಲ ಎರಡು ಪೊಟ್ಟಣ ಕೊಟ್ಟರು. ಒಂದರಲ್ಲಿ ಹುಣ್ಣಿನ ಮೇಲಿಡೋ ಬರೀ ಬಲೆಬಟ್ಟೆ, ಇನ್ನೊಂದರಲ್ಲಿ ಹುಣ್ಣಿನ ನೀರು ಹೀರೋ ಸ್ಪಂಜು. "ಎರಡನ್ನೂ ಹಾಕಿ ನೋಡು, ಯಾವುದಕ್ಕೆ ಬೇಗ ಮಾಯುತ್ತೆ ಹೇಳು. ಮೇಲೆ ಬಿಗಿಪಟ್ಟಿ ಮರೀಬೇಡ."

ಎರಡು ಪೊಟ್ಟಣ, ಎರಡು ಕಾಲು. ಎಡಗಾಲಿಗೆ ಬಲೆಬಟ್ಟೆ, ಬಲಗಾಲಿಗೆ ಸ್ಪಂಜು!

"ಆ ಕಾಲಿಗ್ಯಾಕೋ?"

"ಒಂದೇ ಸಮ ನೋಡ್ಕೋ ಅಂದೆಯಲ್ಲವ್ವ!"

ಅವ್ವ ಕಣ್ಣು ಮುಚ್ಚಿಕೊಂಡಳು.

ತಿಂಗಳೆರಡು ಕಳೆದ ಮೇಲೆ ಸಿಸ್ಟರಮ್ಮ ಮನೆಗೇ ಬಂದರು. ಮುದ್ದ ಎರಡೂ ಪಟ್ಟಿ ಬಿಚ್ಚಿದ. "ಸ್ಪಂಜೇ ಗೆದ್ದಿದ್ದು ಸಿಸ್ಟರಮ್ಮ! ನೋಡಿ, ಬಲಗಾಲಲ್ಲಿ ಹುಣ್ಣಿನ ಗುರುತೂ ಇಲ್ಲ!"

"ಅಲ್ಲಿ ಹುಣ್ಣು ಯಾವಾಗಿತ್ತೋ, ನನ್ನಪ್ಪಾ!" ಅಂದಳು ಅವ್ವ.

ಸಿಸ್ಟರಮ್ಮ ನಗಲಿಲ್ಲ. ಸ್ಟೂಲು ಹತ್ತಿ ಎಡಗಾಲಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಹುಣ್ಣು ಅರ್ಧಕ್ಕರ್ಧ ಕೂಡಿಕೊಂಡಿತ್ತು.

"ಕಾಲು ಉಳಿಯುತ್ತೆ, ಹೊನ್ನಾಜಮ್ಮ. ಒಳಗೆ ಯಾವ ಬಟ್ಟೆ ಇದ್ರೇನು, ಬಿಗಿ ಬಿಟ್ಟಿಲ್ಲ ಇವನು, ಕಾಲು ಕೆಳಗಿಳಿಸಿಲ್ಲ."

ಹೊನ್ನಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

"ಆ ಸ್ಪಂಜನ್ನೂ ಇನ್ನು ಹುಣ್ಣಿಗೇ ಹಾಕೋಣ, ಮುದ್ದಯ್ಯ," ಅಂದರು ಸಿಸ್ಟರಮ್ಮ.

"ಬೇಡ ಸಿಸ್ಟರಮ್ಮ," ಅಂದ ಮುದ್ದ, ಸ್ಪಂಜನ್ನು ಮತ್ತೆ ಬಲಗಾಲಿಗೇ ಇಟ್ಟು ಮೆಲ್ಲಗೆ ಸುತ್ತುತ್ತಾ. "ಅಲ್ಲೇ ಇರಲಿ. ಅಲ್ಲಿ ಚೆನ್ನಾಗಿ ಕೆಲಸ ಮಾಡ್ತಿದೆ."